ಕಾವಿಯ ಗೋಡೆ, ತೈಲವರ್ಣದ ದೇವರು

ಅಂಕೋಲೆಯ ಶ್ರೀ ಲಕ್ಷ್ಮೀನಾರಾಯಣ ಮಹಾಮಾಯಾ ದೇವಾಲಯದ ಕಾವಿ ಚಿತ್ರಗಳನ್ನು ನೋಡಿ ಹೊರಬಂದವನು, ಅದೇ ಊರಿನ ಯಾವುದಾದರೊಂದು ಮನೆಯ ದೇವರಕೋಣೆಗೆ ಹೋಗಿ, ಗಾಜಿನ ಚೌಕಟ್ಟಿನೊಳಗೆ ಕೆಂಬಣ್ಣದ ಸೀರೆಯುಟ್ಟು ಕಮಲದ ಮೇಲೆ ನಿಂತಿರುವ ಲಕ್ಷ್ಮಿಯ ಪಟವನ್ನು ಕಂಡನಾದರೆ, ಇವೆರಡೂ ಒಂದೇ ಭಕ್ತಿಯ ಫಲಗಳೆಂದು ನಂಬುವುದಕ್ಕೆ ಅವನಿಗೆ ತುಸು ಹೊತ್ತು ಬೇಕಾದೀತು. ಅಲ್ಲಿ ದೇವರು ರೇಖೆ. ಇಲ್ಲಿ ದೇವರು ಮೈ. ಅಲ್ಲಿ ಬೆಳಕೆಂಬುದು ಸುಣ್ಣದ ಬಿಳುಪೇ ಹೊರತು ಬೇರೆಯಲ್ಲ. ಇಲ್ಲಿ ಬೆಳಕು ಎಡದಿಂದಲೋ ಬಲದಿಂದಲೋ ಬಂದು ಕೆನ್ನೆಯ ಮೇಲೆ ಬಿದ್ದು, ಕತ್ತಿನ ಕೆಳಗೆ ನೆರಳಾಗಿ ನಿಲ್ಲುತ್ತದೆ. ಈ ಎರಡು ನೋಟಗಳ ನಡುವಣ ಹಾದಿಯು ಅಂಕೋಲೆಯಿಂದ ಕಾರವಾರಕ್ಕಿರುವ ಹಾದಿಯಷ್ಟು ಹ್ರಸ್ವವಾದುದಲ್ಲ. ಅದು ಮುಂಬಯಿಯ ಮೂಲಕ, ತಿರುವಾಂಕೂರಿನ ಮೂಲಕ, ಕಡೆಗೆ ಪ್ಯಾರಿಸಿನ ಮೂಲಕವೇ ಹಾದುಹೋಗತಕ್ಕದ್ದು.

ಮೊದಲು ಕಾವಿಯನ್ನು ಕುರಿತು ಹೇಳಬೇಕು. ಏಕೆಂದರೆ ಅದು ಈ ನೆಲದ್ದೇ ಆದ ವಿದ್ಯೆ. ಗೋವೆಯಿಂದ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳನ್ನು ಹಾದು ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯ ಸೀಮೆಯವರೆಗೂ, ದೇವಾಲಯಗಳ ಹಾಗೂ ಹಳೆಯ ಮನೆಗಳ ಗೋಡೆಗಳ ಮೇಲೆ ಈ ಚಿತ್ರಗಳು ಹಬ್ಬಿದ್ದವು. ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಮರಳನ್ನು ಬೆರೆಸಿ, ಬೆಲ್ಲದ ನೀರನ್ನು ಹಾಕಿ, ದಿನಗಟ್ಟಲೆ ಕೊಳೆಯಿಸಿ, ಕುಟ್ಟಿ ಹದಗೊಳಿಸಿದ ಗಾರೆಯನ್ನು ಗೋಡೆಗೆ ಬಳಿದು, ಅದರ ಮೇಲೆ ಜಂಬಿಟ್ಟಿಗೆಯ ನಾಡಿನ ಕೆಮ್ಮಣ್ಣಿನಿಂದ ತೆಗೆದ ಕಾವಿಯ ಲೇಪವನ್ನು ಹಚ್ಚಿ, ಅದು ಇನ್ನೂ ಹಸಿಯಾಗಿರುವಾಗಲೇ ಮೊನಚಾದ ಲೋಹದ ಕಡ್ಡಿಯಿಂದ ಕೆರೆದರೆ ಕೆಳಗಿನ ಬಿಳುಪು ಹೊರಗೆ ಬರುತ್ತದೆ. ಹೀಗೆ ಕೆಂಪು ಮತ್ತು ಬಿಳಿ ಎಂಬ ಎರಡೇ ಬಣ್ಣಗಳಲ್ಲಿ ದಶಾವತಾರವೂ, ಗಣಪತಿಯೂ, ರಾಮಾಯಣ ಭಾರತಗಳ ಪ್ರಸಂಗಗಳೂ, ಬಳ್ಳಿ ಹೂಗಳ ಪಟ್ಟಿಗಳೂ ಮೂಡಿದವು. ಬಳಿದು ಮಾಡಿದ ಚಿತ್ರವಲ್ಲ ಇದು, ಕಳೆದು ಮಾಡಿದ ಚಿತ್ರ. ಹಸಿ ಆರುವುದರೊಳಗಾಗಿ ಕೈ ಮುಗಿಸಬೇಕಾದುದರಿಂದ ಇಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. ಆದುದರಿಂದಲೇ ರೇಖೆಗೆ ಆ ನಿಶ್ಚಯ, ಆ ನಿಸ್ಸಂಕೋಚ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯ ಸೀಮೆಯಲ್ಲಿ ತಲೆಮಾರುಗಳ ಕಾಲ ಬಾಳುವ ಚಿತ್ರವನ್ನು ಹೀಗೆ ಮನೆಯ ಸುತ್ತಲಿನ ಮಣ್ಣಿನಿಂದಲೂ ಕಡಲ ಚಿಪ್ಪಿನಿಂದಲೂ ಮಾಡಿಕೊಂಡವರ ಜಾಣ್ಮೆಯನ್ನು ನಾವು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಕ್ಯಾಮರಾ ಹಿಡಿದು ಊರೂರು ತಿರುಗಿ ಈ ಗೋಡೆಗಳನ್ನು ದಾಖಲಿಸದೆ ಹೋಗಿದ್ದರೆ, ಇವುಗಳಲ್ಲಿ ಅನೇಕವು ಇದ್ದುವೆಂಬುದಕ್ಕೇ ಸಾಕ್ಷಿಯಿರುತ್ತಿರಲಿಲ್ಲ.

ಕಾವಿಯ ದೇವರಿಗೆ ತೂಕವಿಲ್ಲವೆಂಬುದನ್ನು ಗಮನಿಸಬೇಕು. ಅಂಕೋಲೆಯ ಬಂಡಿಹಬ್ಬದಲ್ಲಿ ಹೂವಿನಲ್ಲಿ ಮುಳುಗಿದ ಕಳಸವೇ ದೇವತೆಯಾಗುವ ಸೀಮೆಯಿದು. ದೇವರ ಇರವನ್ನು ಒಪ್ಪಿಕೊಳ್ಳುವುದಕ್ಕೆ ದೇವರ ತೋಳಿನ ಮಾಂಸಲತೆಯನ್ನು ನೋಡಬೇಕೆಂಬ ಹಟ ಈ ಜನಕ್ಕೆ ಇರಲಿಲ್ಲ.

ಆ ಹಟವು ಯುರೋಪಿನದು. ಫ್ರಾನ್ಸಿನ ಕಲಾ ಅಕಾಡೆಮಿಗಳಲ್ಲಿ ಅದು ಶಾಸ್ತ್ರವಾಗಿ ಬೆಳೆದು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಲಿಯಂ ಅಡಾಲ್ಫ್ ಬೂಗರೋ ಎಂಬಾತನ ಕೈಯಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಈತ 1825ರಲ್ಲಿ ಲಾ ರೊಶೆಲ್ ಎಂಬ ಕಡಲತೀರದ ಪಟ್ಟಣದಲ್ಲಿ ಹುಟ್ಟಿದವನು. 1850ರಲ್ಲಿ ರೋಮ್ ಪುರಸ್ಕಾರವನ್ನು ಪಡೆದು ಇಟಲಿಗೆ ಹೋಗಿ, ರಾಫೆಲ್ ಮೊದಲಾದ ಪ್ರಾಚೀನರನ್ನು ಅಭ್ಯಾಸಮಾಡಿ, ಹಿಂದಿರುಗಿ ಪ್ಯಾರಿಸಿನ ಇಗರ್ಜಿಗಳಿಗೂ ತನ್ನ ಹುಟ್ಟೂರಿನ ಇಗರ್ಜಿಗೂ ಚಿತ್ರಗಳನ್ನು ಬರೆದನು. ಅವನ ಕುಂಚದ ಗುರುತೇ ಕಾಣದಷ್ಟು ನುಣುಪಾದ ಮಾತೆ ಮರಿಯಳೂ ದೇವದೂತರೂ ಅಂದಿನ ಶ್ರೀಮಂತರಿಗೆ ಅತ್ಯಂತ ಪ್ರಿಯರಾದರು. ಇಂದಿನ ವಿಮರ್ಶಕನಿಗೆ ಆ ನುಣುಪು ಸಕ್ಕರೆ ಹೆಚ್ಚಾದ ಪಾಯಸದಂತೆ ತೋರಿದರೆ ಅವನನ್ನು ದೂರಲಾರೆವು. ಆದರೆ 1875ರಲ್ಲಿ ಮಗನೊಬ್ಬನನ್ನು ಕಳೆದುಕೊಂಡ ಬಳಿಕ ಅವನು ಬರೆದ ‘ಪಿಯೇತಾ’ ಚಿತ್ರದಲ್ಲಿ, ಸತ್ತ ಮಗನನ್ನು ತಬ್ಬಿ ಕುಳಿತ ಕಪ್ಪು ವಸನದ ತಾಯಿಯ ಕಣ್ಣುಗಳನ್ನು ಕಂಡವನು ಆ ಮಾತನ್ನು ಹಿಂದೆಗೆದುಕೊಳ್ಳದಿರಲಾರನು. ಶಾಸ್ತ್ರವನ್ನು ಕಲಿತ ಕೈಗೆ ದುಃಖವೊಂದು ದೊರೆತಾಗ ಏನಾಗಬಲ್ಲುದೆಂಬುದಕ್ಕೆ ಅದು ನಿದರ್ಶನ.

ಈ ಶಾಸ್ತ್ರವು ಬ್ರಿಟಿಷರ ಮೂಲಕ ನಮ್ಮಲ್ಲಿಗೆ ಬಂದಿತು. 1857ರಲ್ಲಿ ಮುಂಬಯಿಯಲ್ಲಿ ಜೆ.ಜೆ. ಕಲಾಶಾಲೆ ತೆರೆಯಿತು, ಐದು ವರ್ಷಗಳ ತರುವಾಯ, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಎರಡಕ್ಕೂ ನೇರ ಸಂಬಂಧವಿಲ್ಲವಾದರೂ, ಕಾರವಾರದ ಮುಖವು ಮುಂಬಯಿಯತ್ತ ತಿರುಗಿದುದರಿಂದ ಇಲ್ಲಿಯ ಗೋಡೆಗಳ ಭವಿತವ್ಯವೂ ಅತ್ತಲೇ ತಿರುಗಿತೆಂಬುದು ಮುಂದಿನ ಚರಿತ್ರೆಯಿಂದ ವಿಶದವಾಗುವುದು.

ರಾಜಾ ರವಿವರ್ಮನ (1848–1906) ಹೆಸರು ಇಲ್ಲಿ ಬರುತ್ತದೆ. ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದ ಈತನು ಚಿತ್ರವೃತ್ತಿಗೆ ಕೈಹಾಕುವ ಮೊದಲು, 1870ರಲ್ಲಿ, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಬಂದು ವ್ರತವಿದ್ದನೆಂದೂ, ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಅವನಿಗೆ ಮೊದಲ ಸಂಭಾವನೆಯ ಕೆಲಸ ದೊರೆಯಿತೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಕನ್ನಡ ಕರಾವಳಿಯ ದೇವಿಯೊಬ್ಬಳು ತೈಲಚಿತ್ರಕ್ಕೆ ಕೊಟ್ಟ ಅಪ್ಪಣೆಯೆಂದು ಭಾವುಕರು ಇದನ್ನು ಬಗೆದರೆ ಅದಕ್ಕೆ ನನ್ನ ಅಡ್ಡಿಯಿಲ್ಲ. ಬರೋಡೆಯ ಅರಸರಿಗಾಗಿ ಅವನು ಬರೆದ ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ನೋಡಲು ಜನ ಮುತ್ತಿದರು; 1893ರ ಚಿಕಾಗೋ ಪ್ರದರ್ಶನದಲ್ಲಿ ಅವನ ಚಿತ್ರಗಳಿಗೆ ಪದಕಗಳು ಬಂದವು; ಬಾಳಿನ ಕಡೆಯ ವರ್ಷಗಳಲ್ಲಿ ಮೈಸೂರಿನ ಅರಮನೆಗೂ ಅವನು ಪುರಾಣಪ್ರಸಂಗಗಳನ್ನು ಬರೆದುಕೊಟ್ಟನು. ಬೂಗರೋ ಮರಿಯಳನ್ನು ಹೇಗೆ ಮಾಡಿದನೋ ಹಾಗೆಯೇ ರವಿವರ್ಮನು ಸರಸ್ವತಿಯನ್ನೂ ದಮಯಂತಿಯನ್ನೂ ಮಾಡಿದನು: ರೂಪದರ್ಶಿಯೊಬ್ಬಳನ್ನು ಎದುರಿಗೆ ಕೂರಿಸಿ, ಬಟ್ಟೆಯ ಮಡಿಕೆಯನ್ನೂ ಚರ್ಮದ ಕಾಂತಿಯನ್ನೂ ಕಣ್ಣಿಟ್ಟು ನೋಡಿ, ಆ ಮನುಷ್ಯಸ್ತ್ರೀಗೆ ದೇವತೆಯ ಹೆಸರನ್ನಿಟ್ಟು.

ಆದರೆ ಅರಮನೆಗಳ ಚಿತ್ರವು ಕಾರವಾರದ ಬೈತಖೋಲದ ಮೀನುಗಾರನ ಮನೆಗೆ ಹೋಗಲಾರದು. ಅದನ್ನು ಸಾಧಿಸಿದ್ದು ಮುದ್ರಣ. 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಜರ್ಮನ್ ಕುಶಲಿಗಳ ನೆರವಿನಿಂದ ಶಿಲಾಮುದ್ರಣದ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಶಕುಂತಲೆಯ ಜನನವು ಅಲ್ಲಿ ಅಚ್ಚಾದ ಮೊದಲ ಚಿತ್ರ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದರಂತೆ ಅಚ್ಚೊತ್ತಿ, ಮೇಲೆ ಮೆರುಗೆಣ್ಣೆ ಸವರಿದರೆ ಕಾಗದವು ತೈಲಚಿತ್ರದ ಭ್ರಮೆಯನ್ನು ಹುಟ್ಟಿಸುವುದು. ಕಾರ್ಖಾನೆ ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ನಷ್ಟದ ಭಾರವನ್ನು ತಾಳಲಾರದೆ ಹೊಸ ಶತಮಾನದ ಆದಿಯಲ್ಲಿ ಅದನ್ನು ಶ್ಲೈಶರ್ ಎಂಬ ಜರ್ಮನನಿಗೆ ಮಾರಬೇಕಾಯಿತು. ಒಡೆಯ ಬದಲಾದರೂ ದೇವರುಗಳು ಅಚ್ಚಾಗುವುದು ನಿಲ್ಲಲಿಲ್ಲ. ರೈಲು ಬರುವುದಕ್ಕೆ ಇನ್ನೂ ಸುಮಾರು ಒಂದು ಶತಮಾನ ಕಾಯಬೇಕಾಗಿದ್ದ ಕಾರವಾರಕ್ಕೆ ಮುಂಬಯಿಯ ಸರಕು ಮುಖ್ಯವಾಗಿ ಸಮುದ್ರದ ಮೇಲೆಯೇ ಬರುತ್ತಿದ್ದಿತು. ಮಂಗಳೂರು ಹಂಚಿನ ಮನೆಯ ಜಗಲಿಗೆ ಲಕ್ಷ್ಮಿಯೂ ಸರಸ್ವತಿಯೂ ಏರಿದ್ದು ಹೀಗೆ ಹಡಗಿನಿಂದ ಇಳಿದು. ಗುಡಿಯೊಳಕ್ಕೆ ಪ್ರವೇಶವಿಲ್ಲದವರ ಗುಡಿಸಲಿಗೂ ದೇವರು ತಾನಾಗಿ ನಡೆದು ಹೋಗುವಂತೆ ಮಾಡಿದುದು ಈ ಕಾಗದವೇ. ಕಲಾವಿಮರ್ಶೆಯು ರವಿವರ್ಮನ ಮೇಲೆ ಹೊರಿಸುವ ದೋಷಗಳೆಲ್ಲವನ್ನು ಒಪ್ಪಿಕೊಂಡ ಮೇಲೂ ಈ ಪುಣ್ಯವನ್ನು ಅವನ ಲೆಕ್ಕದಿಂದ ಕಳೆಯಲಾಗದು.

ಇದೇ ಕಾಲದಲ್ಲಿ ಕರಾವಳಿಯ ದಕ್ಷಿಣದಲ್ಲಿ ಇನ್ನೊಂದು ಕೆಲಸ ನಡೆಯಿತು. ಇಟಲಿಯ ಬೆರ್ಗಾಮೋದ ಅಕಾಡೆಮಿಯಲ್ಲಿ ಕಲಿತು, ಬಳಿಕ ಯೇಸುಸಭೆಯ ಸಹೋದರನಾದ ಆಂಟೋನಿಯೋ ಮೊಸ್ಕೇನಿ ಮಂಗಳೂರಿಗೆ ಬಂದು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳಲ್ಲಿ ಹಸಿ ಗಾರೆಯ ಮೇಲೆಯೂ, ಮಾಡಿಗೆ ಬಟ್ಟೆಯ ಮೇಲೆ ತೈಲವರ್ಣದಲ್ಲಿಯೂ ಸಂತರ ಚರಿತ್ರೆಯನ್ನು ತುಂಬಿದನು. ಹಸಿ ಗಾರೆ ಎಂದೊಡನೆ ನಮ್ಮ ಕಾವಿಯವನ ನೆನಪಾಗದಿರದು. ಆರುವ ಮೊದಲೇ ಮುಗಿಸಬೇಕೆಂಬ ಅವಸರ ಇಬ್ಬರಿಗೂ ಒಂದೇ. ಆದರೆ ಅವನು ಗೋಡೆಯನ್ನು ಗೋಡೆಯಾಗಿಯೇ ಉಳಿಸಿದನು. ಇವನು ಗೋಡೆಯನ್ನು ಒಡೆದು ಆಚೆಗೊಂದು ಆಕಾಶವನ್ನು ತೋರಿಸಿದನು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು, ಬೂಗರೋ ಸತ್ತದ್ದೂ ಅದೇ ವರ್ಷ, ಮರುವರ್ಷ ರವಿವರ್ಮ. ಒಂದು ಶೈಲಿಯ ಮೂವರು ಒಡೆಯರು ಹೀಗೆ ಹದಿನಾಲ್ಕು ತಿಂಗಳೊಳಗೆ ಕಣ್ಮರೆಯಾದರು.

ಈ ಶೈಲಿಯ ವಿರುದ್ಧ ಎದ್ದ ಪ್ರತಿಭಟನೆಯ ಕಥೆಗೂ ಕಾರವಾರಕ್ಕೂ ಒಂದು ಎಳೆಯ ನಂಟಿದೆ. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಮನೆಗೆ ಅವರ ತಮ್ಮ ರವೀಂದ್ರನಾಥರು ಬಂದು, ಕಾಳಿನದಿಯಲ್ಲಿ ದೋಣಿಯಲ್ಲಿ ವಿಹರಿಸಿ, ‘ಪ್ರಕೃತಿಯ ಪ್ರತಿಶೋಧ’ ನಾಟಕವನ್ನು ಬರೆದುದು ಇಲ್ಲಿಯವರೆಲ್ಲ ಬಲ್ಲ ಸಂಗತಿ. ಅದೇ ಠಾಕೂರರ ಮನೆತನದ ಅವನೀಂದ್ರನಾಥರು ಮುಂದೆ ಕಲ್ಕತ್ತೆಯಲ್ಲಿ, ಅಲ್ಲಿಯ ಸರಕಾರಿ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಹ್ಯಾವೆಲ್ಲರೊಡಗೂಡಿ, ಅಕಾಡೆಮಿಯ ಮಾರ್ಗವು ಭಾರತೀಯ ದೇವತೆಗೆ ಪರಕೀಯವೆಂದು ಸಾರಿ, ರೇಖೆಯತ್ತ ಹಿಂದಿರುಗಿದರು. ಮೈಸೂರಿನ ವೆಂಕಟಪ್ಪನವರು ಅವರಲ್ಲಿಗೇ ಹೋಗಿ ಕಲಿತುಬಂದರು. ಗೋವೆಯ ಆಂಜೆಲೋ ದ ಫೊನ್ಸೇಕರೂ ಅವರ ಶಿಷ್ಯರಾಗಿ, ಮಾತೆ ಮರಿಯಳಿಗೆ ಸೀರೆಯುಡಿಸಿದರು. ಅವರೆಲ್ಲ ಹುಡುಕಿ ಹೋದ ರೇಖೆಯು ಅಂಕೋಲೆಯ ಗೋಡೆಯಲ್ಲಿ, ಯಾರ ಸಿದ್ಧಾಂತದ ನೆರವೂ ಇಲ್ಲದೆ, ಸುಮ್ಮನೆ ಇದ್ದಿತು.

ವಿದ್ವಾಂಸರು ಗೆದ್ದರು, ದೇವರಕೋಣೆ ಸೋಲಲಿಲ್ಲ. ಗುಲ್ಬರ್ಗದ ಎಸ್. ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಕಲಿತು, ಪುರಾಣದ ವೀರರಿಗೆ ಸಿನೆಮಾ ನಾಯಕರ ತೇಜಸ್ಸನ್ನು ತುಂಬಿ, ಕ್ಯಾಲೆಂಡರುಗಳ ಮೂಲಕ ಮನೆಮನೆಗೂ ತಲುಪಿದರು. ನಮ್ಮ ಕಾಲದಲ್ಲಿ ಬೆಂಗಳೂರಿನ ಬಿ. ಕೆ. ಎಸ್. ವರ್ಮರು ಅದೇ ಮಾರ್ಗವನ್ನು ಮುಂದುವರಿಸಿದರು. ಇದಕ್ಕೆ ಪ್ರತಿಯಾಗಿ, ಉಡುಪಿ ಸೀಮೆಯ ಕೆ. ಕೆ. ಹೆಬ್ಬಾರರು ಪ್ಯಾರಿಸಿಗೆ ಹೋಗಿ, ಬೂಗರೋ ಒಂದು ಕಾಲಕ್ಕೆ ಪಾಠ ಹೇಳಿದ್ದ ಜೂಲಿಯನ್ ಅಕಾಡೆಮಿಯಲ್ಲಿಯೇ ಕಲಿತರೂ, ಅವನ ನುಣುಪನ್ನು ಅಲ್ಲಿಯೇ ಬಿಟ್ಟು, ಕುಣಿಯುವ ರೇಖೆಯೊಂದನ್ನು ಮಾತ್ರ ಸಾಧಿಸಿಕೊಂಡರು. ಆ ರೇಖೆ ಪ್ಯಾರಿಸಿನದಲ್ಲ, ಕರಾವಳಿಯದೆಂದೇ ನನ್ನ ಎಣಿಕೆ.

ಲಕ್ಷ್ಮಿಯ ಪಟಕ್ಕೆ ಈಗ ಯಾರ ರಕ್ಷಣೆಯೂ ಬೇಕಾಗಿಲ್ಲ. ಒಂದು ಹರಿದರೆ ಪೇಟೆಯಲ್ಲಿ ಇನ್ನೊಂದು ಸಿಕ್ಕುತ್ತದೆ. ಕಾವಿಯ ಗೋಡೆ ಹಾಗಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಕಾಂಕ್ರೀಟೂ ಟೈಲ್ಸೂ ಬರುವಾಗ ಮೊದಲು ಉದುರುವುದು ಆ ಗಾರೆಯೇ. ಕಾರವಾರ, ಅಂಕೋಲೆಗಳ ದೇವಾಲಯಗಳ ಮೊಕ್ತೇಸರರಲ್ಲಿಯೂ ಹಳೆಯ ಮನೆಗಳ ಯಜಮಾನರಲ್ಲಿಯೂ ನನ್ನ ಬಿನ್ನಹವಿಷ್ಟೆ: ಗೋಡೆಗೆ ಸುತ್ತಿಗೆ ತಾಗಿಸುವ ಮುನ್ನ, ಸುಣ್ಣ ಬಳಿಸಿದ್ದರೆ ಅದರ ಒಂದು ಮೂಲೆಯನ್ನು ಮೆಲ್ಲನೆ ಕೆರೆದು ನೋಡಿರಿ, ಕೆಳಗೆ ಕೆಂಪು ಕಂಡರೆ, ಕೆಲಸದವರನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿ, ಬಲ್ಲವರಿಗೆ ಹೇಳಿಕಳುಹಿಸಿರಿ.