ಊರುಗೋಲೂ ಸಾಗಣೆಯ ಕೂಲಿಯೂ

ಅಮೆರಿಕಾ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗನು ಈಚೆಗೆ ನನಗೊಂದು ಪತ್ರವನ್ನು ಬರೆದಿದ್ದನು. ಬಿಡುವಿನ ದಿನಗಳಲ್ಲಿ ಬೆಟ್ಟ ಹತ್ತುವುದು ಅವನ ಹವ್ಯಾಸ. ದೂರದ ಗುಡ್ಡಗಾಡಿನ ಊರೊಂದರಲ್ಲಿ ಮುದುಕನಾದ ಬಡಗಿಯೊಬ್ಬನು ಕೈಯಿಂದ ಕೆತ್ತಿ ಮಾರುವ ಮರದ ಊರುಗೋಲನ್ನು ಅಂತರಜಾಲದ ಮೂಲಕ ತರಿಸಿಕೊಳ್ಳಲು ಅವನು ಹೊರಟನಂತೆ. ಕೋಲಿನ ಬೆಲೆಯನ್ನು ಕಂಡು ಸಂತೋಷಪಟ್ಟವನು ಅದರ ಕೆಳಗೆ ನಮೂದಿಸಿದ್ದ ಸಾಗಣೆಯ ವೆಚ್ಚವನ್ನು ಕಂಡು ಬೆರಗಾದನು. ಅದು ಕೋಲಿನ ಬೆಲೆಯ ಅರ್ಧಕ್ಕೂ ಮಿಗಿಲಾಗಿತ್ತು. “ಮಾವ, ಇದು ಒಂದು ಸೇರು ಅಕ್ಕಿಗಿಂತಲೂ ಹಗುರವಾದ ಪದಾರ್ಥ. ಇದರ ಮೂರರಷ್ಟು ತೂಗುವ ಪುಸ್ತಕಗಳ ಕಟ್ಟು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಮನೆಗೆ ಬರುತ್ತದೆ. ಇದು ಯಾವ ನ್ಯಾಯ?” ಎಂದು ಅವನು ಕೇಳಿದ್ದನು. ಪ್ರಶ್ನೆ ಸಣ್ಣದಾಗಿ ತೋರಿದರೂ ಅದಕ್ಕೆ ಉತ್ತರ ಹೇಳಬೇಕಾದರೆ ಎರಡು ಶತಮಾನಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ. ನಾನು ಅವನಿಗೆ ಬರೆದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ನೆನೆಯಬೇಕಾದ ಸಂಗತಿಯೊಂದಿದೆ. ಊರುಗೋಲು ಬಹುಕಾಲ ದೂರದಿಂದ ತರಿಸತಕ್ಕ ವಸ್ತುವಾಗಿರಲಿಲ್ಲ. ದಾರಿ ಎಲ್ಲಿ ಆರಂಭವಾಗುತ್ತಿತ್ತೋ ಅಲ್ಲಿಯೇ ಕೋಲೂ ದೊರೆಯುತ್ತಿತ್ತು. ನಮ್ಮ ಮಲೆನಾಡಿನವನು ಕಾಡಂಚಿನ ಬಿದಿರನ್ನೋ ಬೆತ್ತವನ್ನೋ ಕಡಿದುಕೊಂಡು ನಡೆಯುತ್ತಿದ್ದನು. ಜಪಾನಿನ ಫುಜಿ ಪರ್ವತವನ್ನು ಹತ್ತುವ ಯಾತ್ರಿಕರು ಬೆಟ್ಟದ ಬುಡದಲ್ಲಿಯೇ ಎಂಟು ಮೂಲೆಯ ಮರದ ಕೋಲನ್ನು ಕೊಂಡು, ಮೇಲೇರುತ್ತ ಒಂದೊಂದು ತಂಗುದಾಣದಲ್ಲಿಯೂ ಅದರ ಮೇಲೆ ಕಾದ ಕಬ್ಬಿಣದ ಮುದ್ರೆಯನ್ನು ಹಾಕಿಸಿಕೊಳ್ಳುವ ಪದ್ಧತಿ ಇಂದಿಗೂ ಇದೆ. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಬೇಟೆಗಾರರೂ ಕುರಿಗಾಹಿಗಳೂ ತುದಿಗೆ ಕಬ್ಬಿಣದ ಮೊಳೆಯನ್ನು ಜಡಿದ ಉದ್ದವಾದ ಕೋಲನ್ನು ಹಿಡಿಯುತ್ತಿದ್ದರು. ೧೭೮೬ರಲ್ಲಿ ಬಾಲ್ಮಾ, ಪಕ್ಕಾರ್ ಎಂಬಿಬ್ಬರು ಮೋಂಬ್ಲಾಂ ಶಿಖರವನ್ನು ಮೊಟ್ಟಮೊದಲು ಏರಿದುದು ಇಂತಹ ಕೋಲುಗಳ ಬಲದಿಂದಲೇ. ಮುಂದಿನ ಶತಮಾನದಲ್ಲಿ ಪ್ರವಾಸಿಗರು ಹೆಚ್ಚಿದಂತೆ ಆ ಪ್ರಾಂತದ ಅಂಗಡಿಗಳಲ್ಲಿ ಕೋಲಿನ ವ್ಯಾಪಾರವೂ ಬೆಳೆಯಿತು. ಕೊಂಡವನು ತಾನು ಕಂಡ ಸ್ಥಳಗಳ ಹೆಸರುಗಳನ್ನು ಅದರ ಮೇಲೆ ಸುಡಿಸಿಕೊಂಡು, ಕೈಯಲ್ಲಿಯೇ ಹಿಡಿದು ಊರಿಗೆ ಮರಳುತ್ತಿದ್ದನು. ಈ ಎಲ್ಲ ಸಂದರ್ಭಗಳಲ್ಲಿಯೂ ನಡೆಯುವವನೇ ಕೋಲಿದ್ದಲ್ಲಿಗೆ ಹೋಗುತ್ತಿದ್ದುದರಿಂದ ಸಾಗಣೆಯ ಕೂಲಿಯೆಂಬ ಮಾತೇ ಏಳುತ್ತಿರಲಿಲ್ಲ.

ಅಂಚೆಯು ಕೋಲನ್ನು ಹೊರುವುದಕ್ಕೆ ಮೊದಲು ಕೋಲೇ ಅಂಚೆಯನ್ನು ಹೊತ್ತಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ನಮ್ಮ ದೇಶದ ಅಂಚೆಯ ಓಟಗಾರರು ಗೆಜ್ಜೆ ಕಟ್ಟಿದ ಕೋಲನ್ನೋ ಈಟಿಯನ್ನೋ ಹಿಡಿದು ಕಾಡುದಾರಿಯಲ್ಲಿ ಓಡುತ್ತಿದ್ದರು. ಕಾಗದಗಳಿಗಿಂತ ಭಾರವಾದ ಗಂಟುಗಳನ್ನು ಕಾವಡಿಯಲ್ಲಿ, ಎಂದರೆ ಹೆಗಲ ಮೇಲಿನ ಬಿದಿರಿನ ಎರಡು ತುದಿಗಳಿಗೂ ತೂಗುಬಿಟ್ಟು, ಸಾಗಿಸುತ್ತಿದ್ದರು. ಆ ಕಾವಡಿಗೆ ಹಿಂದೂಸ್ಥಾನಿಯಲ್ಲಿರುವ ಹೆಸರಿನಿಂದಲೇ ಕಂಪನಿಯ ಕಾಲದ ಪಾರ್ಸೆಲ್ ಅಂಚೆಗೆ ‘ಭಾಂಗಿ ಡಾಕು’ ಎಂಬ ಹೆಸರು ಬಂದಿತು. ಮನುಷ್ಯನ ಹೆಗಲೇ ವಾಹನವಾಗಿದ್ದಾಗ ಕೂಲಿಯು ದೂರವನ್ನು ಅನುಸರಿಸುವುದು ಸಹಜವೇ. ೧೭೭೪ರಲ್ಲಿ ವಾರನ್ ಹೇಸ್ಟಿಂಗ್ಸನು ಕಂಪನಿಯ ಅಂಚೆಯನ್ನು ಸಾರ್ವಜನಿಕರಿಗೆ ತೆರೆದಾಗ ಕಾಗದಕ್ಕೆ ನೂರು ಮೈಲಿಗೆ ಎರಡಾಣೆಯ ದರವಿದ್ದಿತು. ಬಡವನಿಗೆ ದೂರದ ಬಂಧುವು ನಿಜವಾಗಿಯೂ ದೂರನಾಗಿಯೇ ಉಳಿದನು.

ಈ ಕಟ್ಟನ್ನು ಮೊದಲು ಮುರಿದವನು ಇಂಗ್ಲೆಂಡಿನ ರೋಲೆಂಡ್ ಹಿಲ್. ಕಾಗದವನ್ನು ದಾರಿಯಲ್ಲಿ ಸಾಗಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪವೆಂದೂ, ಅದನ್ನು ಪಡೆಯುವುದು, ವಿಂಗಡಿಸುವುದು, ಹಂಚುವುದು ಇವಕ್ಕೇ ಹೆಚ್ಚು ಖರ್ಚೆಂದೂ ಅವನು ೧೮೩೭ರಲ್ಲಿ ಲೆಕ್ಕಸಹಿತವಾಗಿ ತೋರಿಸಿದನು. ಅದರ ಫಲವಾಗಿ ೧೮೪೦ರಲ್ಲಿ ದೂರವನ್ನು ಗಣಿಸದೆ, ತೂಕವೊಂದನ್ನೇ ನೋಡಿ, ಒಂದು ಪೆನ್ನಿಗೆ ಕಾಗದವನ್ನು ಒಯ್ಯುವ ಪದ್ಧತಿ ಬಂದಿತು. ಹಿಂದೂದೇಶದಲ್ಲಿ ೧೮೫೪ರಲ್ಲಿ ಕಾಲು ತೊಲದ ಕಾಗದಕ್ಕೆ ದೇಶದಾದ್ಯಂತ ಅರ್ಧಾಣೆಯ ಏಕದರವು ಜಾರಿಗೆ ಬಂದಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ಏಕದರವೆಂಬುದು ಲೆಕ್ಕದ ಅನುಕೂಲ ಮಾತ್ರವಲ್ಲ. ಹತ್ತಿರದವನು ದೂರದವನ ಭಾರದಲ್ಲಿ ಒಂದಂಶವನ್ನು ತಾನೂ ಹೊರುವುದೆಂಬ ಸಮಾಜಧರ್ಮವು ಅದರೊಳಗೆ ಅಡಗಿದೆ.

ಆದರೆ ಗಂಟುಗಳ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಪಾರ್ಸೆಲ್ ಅಂಚೆ ಆರಂಭವಾದುದು ೧೮೮೩ರ ಆಗಸ್ಟ್ ೧ರಂದು. ಆಗ ಅಂಚೆಯ ಸಚಿವನಾಗಿದ್ದವನು ಹೆನ್ರಿ ಫಾಸೆಟ್. ತಾರುಣ್ಯದಲ್ಲಿಯೇ ಬೇಟೆಯ ಅಪಘಾತದಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಈ ಮಹನೀಯನು ಜನಸಾಮಾನ್ಯರ ಸೌಕರ್ಯಗಳನ್ನು ಇತರರಿಗಿಂತ ಚೆನ್ನಾಗಿ ಕಂಡವನು. ಗಂಟಿನ ತೂಕ ೭ ಪೌಂಡನ್ನೂ, ಉದ್ದ ಮೂರೂವರೆ ಅಡಿಯನ್ನೂ ಮೀರಬಾರದೆಂದು ಆಗ ನಿಯಮವಾಯಿತು. ಇದರ ಅರ್ಥವೇನು? ಪೇಟೆಯಲ್ಲಿ ವಿಹರಿಸುವ ಸಭ್ಯನ ಮೂರಡಿಯ ಬೆತ್ತವು ಅಂಚೆಯಲ್ಲಿ ಹೋಗಬಹುದಾಗಿತ್ತು. ಬೆಟ್ಟ ಹತ್ತುವವನ ಎದೆಯೆತ್ತರದ ಕೋಲು ಹೋಗುವಂತಿರಲಿಲ್ಲ. ರೈಲ್ವೆ ಕಂಪನಿಗಳಾದರೂ ತಮ್ಮ ಗಾಡಿಗಳಲ್ಲಿ ಸಾಗುವ ಪಾರ್ಸೆಲ್ಲುಗಳ ಹುಟ್ಟುವಳಿಯಲ್ಲಿ ನೂರಕ್ಕೆ ೫೫ ಪಾಲನ್ನು ಕಾಯಿದೆಯ ಮೂಲಕ ಪಡೆದುಕೊಂಡಿದ್ದವು. ಈ ಹೊರೆಯನ್ನು ತಾಳಲಾರದೆ ಅಂಚೆಯ ಇಲಾಖೆಯು ೧೮೮೭ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಕುದುರೆಗಾಡಿಯಲ್ಲಿಯೇ ಪಾರ್ಸೆಲ್ಲುಗಳನ್ನು ಕಳುಹಿಸತೊಡಗಿತು. ಉಗಿಬಂಡಿಯ ಯುಗದಲ್ಲಿ ಕುದುರೆಯೇ ಅಗ್ಗವಾದುದು ವಿಚಿತ್ರವಲ್ಲವೆ! ಸಾಗಣೆಯ ಬೆಲೆಯು ವಾಹನದ ವೇಗದಿಂದ ಮಾತ್ರ ನಿರ್ಣಯವಾಗುವುದಿಲ್ಲ. ಪಾಲು ಯಾರಿಗೆ ಎಷ್ಟೆಂಬ ಒಪ್ಪಂದದಿಂದಲೂ ನಿರ್ಣಯವಾಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ದೇಶವು ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. ಗಂಟು ಕೈಗೆ ಬಂದ ಮೇಲೆ ಅಂಚೆಯವನಿಗೇ ಹಣ ಕೊಡುವ ವಿ.ಪಿ. ಪದ್ಧತಿಯು ಇಲ್ಲಿ ೧೮೭೭ರಲ್ಲಿಯೇ ಬಂದಿತು. ಕಂಡರಿಯದ ವ್ಯಾಪಾರಿಯನ್ನು ಕಂಡರಿಯದ ಗಿರಾಕಿಯು ನಂಬುವಂತೆ ಮಾಡಿದ ಉಪಾಯವಿದು. ಪುಸ್ತಕದ ಅಂಗಡಿಯೇ ಇಲ್ಲದ ಎಷ್ಟೋ ಹಳ್ಳಿಗಳ ಮನೆಗಳಿಗೆ ಕನ್ನಡ ಗ್ರಂಥಗಳು ಬಂದುದು ಈ ದಾರಿಯಿಂದಲೇ. ಇಂದು ಅಂತರಜಾಲದಲ್ಲಿ ಕೊಂಡು, ಬಾಗಿಲಲ್ಲಿ ಹಣ ಕೊಡುವ ಕ್ರಮವು ಅದರ ಮೊಮ್ಮಗುವೇ ಹೊರತು ಹೊಸ ಸೃಷ್ಟಿಯಲ್ಲ.

ಇನ್ನು ನಮ್ಮ ಹುಡುಗನಿರುವ ಅಮೆರಿಕಾಕ್ಕೆ ಬರೋಣ. ಮಾಂಟ್‌ಗೊಮರಿ ವಾರ್ಡ್ ಎಂಬ ವರ್ತಕನು ೧೮೭೨ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ, ರೈತರಿಗೆ ದೂರದಿಂದಲೇ ಸರಕು ಮಾರುವ ವ್ಯಾಪಾರವನ್ನು ಆರಂಭಿಸಿದನು. ಆದರೆ ಅಲ್ಲಿಯ ಅಂಚೆಯು ೪ ಪೌಂಡಿಗಿಂತ ಭಾರವಾದ ಗಂಟನ್ನು ಮುಟ್ಟುತ್ತಿರಲಿಲ್ಲ. ಒಪ್ಪಿಕೊಂಡದ್ದಕ್ಕೂ ಪೌಂಡಿಗೆ ೧೬ ಸೆಂಟಿನ ದರವಿದ್ದಿತು. ಉಳಿದುದೆಲ್ಲ ಕೆಲವೇ ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳ ಕೈಯಲ್ಲಿತ್ತು. ಅವುಗಳ ವಿರೋಧದಿಂದಲೂ, ತಮ್ಮ ಗಿರಾಕಿಗಳು ಕೈತಪ್ಪಿಯಾರೆಂಬ ಹಳ್ಳಿಯ ಅಂಗಡಿಯವರ ಭಯದಿಂದಲೂ ಸುಧಾರಣೆಯು ವರ್ಷಗಟ್ಟಲೆ ನಿಂತಿತು. ಕಡೆಗೆ ೧೯೧೩ರ ಜನವರಿ ೧ರಂದು ಪಾರ್ಸೆಲ್ ಅಂಚೆ ಪ್ರಾರಂಭವಾಯಿತು. ದೇಶವನ್ನು ದೂರಕ್ಕನುಗುಣವಾಗಿ ಎಂಟು ವಲಯಗಳನ್ನಾಗಿ ಮಾಡಿದರು. ತೂಕದ ಮಿತಿ ೧೧ ಪೌಂಡು; ಉದ್ದವೂ ಸುತ್ತಳತೆಯೂ ಸೇರಿ ೭೨ ಅಂಗುಲವನ್ನು ಮೀರಬಾರದು.

ಈ ಅಳತೆಯನ್ನು ಕೋಲಿಗೆ ಅನ್ವಯಿಸಿ ನೋಡಿದರೆ ಸ್ವಾರಸ್ಯವು ತಿಳಿಯುತ್ತದೆ. ೫೫ ಅಂಗುಲದ ಕೋಲಿಗೆ ಬಟ್ಟೆ ಸುತ್ತಿದಾಗ ಸುತ್ತಳತೆ ೫ ಅಂಗುಲವೆಂದು ಹಿಡಿದರೆ ಮೊತ್ತ ೬೦; ಮಿತಿಯೊಳಗೇ ಉಳಿಯಿತು. ಅದು ೨ ಪೌಂಡು ತೂಗಿದರೆ ಹತ್ತಿರದ ವಲಯಕ್ಕೆ ೮ ಸೆಂಟು, ಅತ್ಯಂತ ದೂರದ ವಲಯಕ್ಕೆ ೨೪ ಸೆಂಟು. ಉದ್ದನೆಯ ವಸ್ತುವಿಗೆ ಪ್ರತ್ಯೇಕವಾದ ದಂಡವೇನೂ ಇರಲಿಲ್ಲ. ಜನರು ಈ ಉದಾರತೆಯನ್ನು ಹೇಗೆ ಬಳಸಿಕೊಂಡರೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೯೧೬ರಲ್ಲಿ ಯೂಟಾ ಪ್ರಾಂತದ ವರ್ನಲ್ ಎಂಬ ಊರಿನಲ್ಲಿ ಬ್ಯಾಂಕೊಂದನ್ನು ಕಟ್ಟುವುದಕ್ಕಾಗಿ ೮೦,೦೦೦ಕ್ಕೂ ಮಿಕ್ಕ ಇಟ್ಟಿಗೆಗಳನ್ನು ಅಂಚೆಯಲ್ಲಿಯೇ ಕಳುಹಿಸಿದರು. ಬೇರೆ ಸಾಗಣೆಗಿಂತ ಅದೇ ಅಗ್ಗವಾಗಿತ್ತು. ಅಂಚೆಯವರು ತತ್ತರಿಸಿ, ಒಬ್ಬನು ಒಬ್ಬನಿಗೆ ದಿನಕ್ಕೆ ೨೦೦ ಪೌಂಡಿಗಿಂತ ಹೆಚ್ಚು ಕಳುಹಿಸಕೂಡದೆಂದು ಕಟ್ಟಳೆ ಮಾಡಬೇಕಾಯಿತು.

ಹಾಗಾದರೆ ಇಂದು ಕೋಲಿಗೇಕೆ ಇಷ್ಟು ಕೂಲಿ? ಇದಕ್ಕೆ ಎರಡು ಕಾರಣಗಳು ಕಾಣಬರುತ್ತವೆ. ಮೊದಲನೆಯದು, ಲಾರಿಯಲ್ಲಿಯೂ ವಿಮಾನದಲ್ಲಿಯೂ ತೂಕಕ್ಕಿಂತ ಮೊದಲು ಸ್ಥಳವು ತುಂಬಿಹೋಗುತ್ತದೆ. ಆದಕಾರಣ ಸಾಗಣೆಯ ಸಂಸ್ಥೆಗಳು ಪೆಟ್ಟಿಗೆಯ ಗಾತ್ರವನ್ನೇ ತೂಕವಾಗಿ ಪರಿಗಣಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ೫,೦೦೦ದಿಂದ ಭಾಗಿಸುವುದು ಒಂದು ರೂಢಿ. ೧೪೦ ಸೆಂಟಿಮೀಟರು ಉದ್ದ, ೧೦ ಅಗಲ, ೧೦ ಎತ್ತರದ ಪೆಟ್ಟಿಗೆಯಲ್ಲಿ ಕೋಲನ್ನಿಟ್ಟರೆ, ಅದು ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಗಿದರೂ ಲೆಕ್ಕಕ್ಕೆ ಬರುವುದು ೨.೮ ಕಿಲೋಗ್ರಾಮು. ಅಮೆರಿಕಾದ ಎರಡು ದೊಡ್ಡ ಖಾಸಗಿ ಸಂಸ್ಥೆಗಳು ೨೦೧೫ರ ಆರಂಭದ ವೇಳೆಗೆ ಈ ಕ್ರಮವನ್ನು ನೆಲದ ಮಾರ್ಗದ ಸಣ್ಣ ಗಂಟುಗಳಿಗೂ ವಿಸ್ತರಿಸಿದವು. ಎರಡನೆಯದು, ಗಂಟುಗಳನ್ನು ವಿಂಗಡಿಸುವುದು ಈಗ ಯಂತ್ರಗಳ ಕೆಲಸ. ಉದ್ದನೆಯ ಕೋಲು ಅವುಗಳ ಪಟ್ಟಿಯ ಮೇಲೆ ತಿರುಗಲಾರದು. ಅದನ್ನು ಮನುಷ್ಯನೇ ಕೈಯಿಂದ ಎತ್ತಿಡಬೇಕು. ೨೦೨೨ರ ಏಪ್ರಿಲಿನಲ್ಲಿ ಅಲ್ಲಿಯ ಸರ್ಕಾರದ ಅಂಚೆಯೂ ೨೨ ಅಂಗುಲಕ್ಕೆ ಮೀರಿದ ಗಂಟಿಗೆ ೪ ಡಾಲರನ್ನೂ, ೩೦ ಅಂಗುಲಕ್ಕೆ ಮೀರಿದುದಕ್ಕೆ ೧೫ ಡಾಲರನ್ನೂ ಹೆಚ್ಚುವರಿಯಾಗಿ ವಿಧಿಸಿತು. ಹೀಗೆ ಕೂಲಿಯ ಅಳತೆಯು ಮೊದಲು ದೂರವಾಗಿ, ಬಳಿಕ ತೂಕವಾಗಿ, ಈಗ ಆಕಾರವಾಗಿದೆ. ಯಂತ್ರಕ್ಕೆ ಒಗ್ಗುವ ಆಕಾರದ ವಸ್ತು ಅಗ್ಗ; ಒಗ್ಗದುದು ದುಬಾರಿ.

ಇದರಲ್ಲಿ ಅನ್ಯಾಯವಿದೆಯೆ? ಸ್ಥಳಕ್ಕೂ ಮನುಷ್ಯನ ಶ್ರಮಕ್ಕೂ ಬೆಲೆ ಕೊಡಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಜನರಿಗೆ ಆ ಬೆಲೆ ಇದೆಯೆಂಬುದೇ ಮರೆತುಹೋಗಿದೆ. ಅಮೆಜಾನ್ ಸಂಸ್ಥೆಯು ೨೦೦೫ರಲ್ಲಿ ವರ್ಷಕ್ಕೆ ೭೯ ಡಾಲರನ್ನು ಮೊದಲೇ ತೆತ್ತವರಿಗೆ ಪ್ರತ್ಯೇಕವಾದ ಸಾಗಣೆಯ ಕೂಲಿಯಿಲ್ಲದೆ ಎರಡು ದಿನಗಳಲ್ಲಿ ಸರಕು ತಲುಪಿಸುವ ಏರ್ಪಾಡನ್ನು ಮಾಡಿದಂದಿನಿಂದ ಸಾಗಣೆಯು ಉಚಿತವೆಂಬ ಭಾವನೆ ಬೇರೂರಿತು. ದೊಡ್ಡ ವರ್ತಕನು ಕೂಲಿಯನ್ನು ಬೆಲೆಯೊಳಗೆ ಅಡಗಿಸಬಲ್ಲನು; ಗುಡ್ಡಗಾಡಿನ ಬಡಗಿಯು ಅಡಗಿಸಲಾರನು. ಅವನು ಸತ್ಯವಾದ ಖರ್ಚನ್ನು ಬರೆದು ತೋರಿಸಿದರೆ ಗಿರಾಕಿಯು ಹುಬ್ಬು ಗಂಟಿಕ್ಕಿ ಹೊರಟುಹೋಗುತ್ತಾನೆ. ಕೆಲವರು ಕೋಲನ್ನು ನಡುವೆ ಕತ್ತರಿಸಿ, ಲೋಹದ ತಿರುಪನ್ನು ಜೋಡಿಸಿ, ಗಿಡ್ಡ ಪೆಟ್ಟಿಗೆಯಲ್ಲಿ ಕಳುಹಿಸುತ್ತಾರೆ. ಅದು ಜಾಣತನವೇ ಸರಿ. ಆದರೆ ಮರದ ಒಂದೇ ಎಳೆಯ ಬಲವನ್ನು ಅಂಚೆಯ ಅಳತೆಗಾಗಿ ತುಂಡರಿಸಿದಂತಾಯಿತು. ಹಿಲ್ಲನ ಏಕದರದಲ್ಲಿ ದೂರದ ಬಡವನನ್ನು ಹತ್ತಿರ ತರುವ ದಯೆಯಿದ್ದಿತು. ಇಂದಿನ ಲೆಕ್ಕವು ಕರಾರುವಾಕ್ಕಾಗಿದೆ. ಅದರಲ್ಲಿ ಆ ದಯೆಗೆ ಎಡೆಯು ಕಡಿಮೆಯಾಗಿದೆ.

ಕಡೆಯದಾಗಿ ನಮ್ಮವರೇ ಆದ ಒಬ್ಬರ ಕೋಲನ್ನು ನೆನೆಯುತ್ತೇನೆ. ೧೯೩೦ರ ಮಾರ್ಚ್ ೧೨ರಂದು ಗಾಂಧೀಜಿಯವರು ಸಾಬರಮತಿಯಿಂದ ದಂಡಿಯ ಕಡಲತೀರಕ್ಕೆ, ಸುಮಾರು ೨೪೦ ಮೈಲಿ, ನಡೆದು ಹೊರಟಾಗ ಅವರ ಕೈಯಲ್ಲಿದ್ದ ಬಿದಿರಿನ ಕೋಲನ್ನು ಮಂಜೇಶ್ವರದ ಗೋವಿಂದ ಪೈಗಳು ಕಾಕಾ ಕಾಲೇಲ್ಕರರಿಗೆ ಕೊಟ್ಟಿದ್ದರೆಂದೂ, ಕಾಲೇಲ್ಕರರು ಅದನ್ನು ಗಾಂಧೀಜಿಯವರಿಗೆ ಕೊಟ್ಟರೆಂದೂ ಕನ್ನಡ ನಾಡಿನಲ್ಲಿ ಹೇಳುತ್ತಾರೆ. ಒಂದು ಕೈಯಿಂದ ಇನ್ನೊಂದು ಕೈಗೆ ಸ್ನೇಹದಿಂದ ಸಾಗಿದ ಆ ಕೋಲಿಗೆ ಯಾರೂ ಕೂಲಿಯನ್ನು ಎಣಿಸಲಿಲ್ಲ. ಎಲ್ಲ ಕೋಲುಗಳಿಗೂ ಅಂತಹ ಭಾಗ್ಯವಿರುವುದಿಲ್ಲ. ಆದುದರಿಂದ ನನ್ನ ಅಳಿಯನಿಗೆ ಹೀಗೆಂದು ಬರೆದೆನು: “ಆ ಮುದುಕನ ಊರಿಗೆ ನೀನೇ ಹೋಗಿ ತರಬಲ್ಲೆಯಾದರೆ ಹೋಗಿ ಬಾ, ಅದೇ ಹಳೆಯ ಕ್ರಮ. ಹೋಗಲಾರೆಯಾದರೆ ಕೂಲಿಯನ್ನು ಗೊಣಗದೆ ಕೊಡು. ಅದು ನೀನು ನಡೆಯದೆ ಉಳಿಸಿಕೊಂಡ ದಾರಿಯ ಬೆಲೆ.” ಮುಂದಿನ ವಾರವೇ ಉತ್ತರ ಬಂದಿತು. ಹಣವನ್ನು ಕೊಟ್ಟನಂತೆ, ಕೋಲೂ ಬಂದಿತಂತೆ. ತುಂಡಾಗದೆ, ಇಡಿಯಾಗಿ.