ಮದ್ದಿನ ಅಳತೆ: ತೋಟಾ ಕೋವಿಯ ಹಳೆಯ ಪಾಠ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧಿಯೂ ಹೌದು, ಕೋವಿಗೆ ತುಂಬುವ ಪುಡಿಯೂ ಹೌದು. ಚೀನೀ ಭಾಷೆಯಲ್ಲೂ ಹಾಗೆಯೇ. ಅಲ್ಲಿ ಈ ಪುಡಿಯ ಹೆಸರಿಗೆ ‘ಬೆಂಕಿಯ ಔಷಧಿ’ ಎಂದೇ ಅರ್ಥ. 1044ರ ಚೀನೀ ಯುದ್ಧಗ್ರಂಥವೊಂದರಲ್ಲಿ ಅದರ ಮಿಶ್ರಣದ ವಿವರಗಳಿವೆ. ಔಷಧಿಯ ವಿಷಯದಲ್ಲಿ ನಾವು ವೈದ್ಯರು ಹೇಳುವ ಮಾತು ಈ ಮದ್ದಿಗೂ ಸಲ್ಲುತ್ತದೆ: ಯಾವುದು ಎಂಬುದರಷ್ಟೇ ಮುಖ್ಯ, ಎಷ್ಟು ಎಂಬುದು. ಇಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸದವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ನಮ್ಮಲ್ಲಿ ಕೆಲವರ ಊರಿನ ಮನೆಗಳಲ್ಲಿ ಅಜ್ಜನ ಕಾಲದ ಕೋವಿಗಳೂ ಇವೆ. ಆದ್ದರಿಂದ ಈ ಇತಿಹಾಸ ತಿಳಿದಿರುವುದು ಒಳ್ಳೆಯದು.

ಮೊದಲು ಇದ್ದದ್ದು ಒಂದೇ ಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿದ ಕಪ್ಪು ಮದ್ದು. ಕೇಪಿನ ಕೋವಿಗೆ ಅದನ್ನು ನಳಿಗೆಯ ಬಾಯಿಂದಲೇ ಸುರಿದು, ಮೇಲೆ ಚರೆ ಹಾಕಿ ಗಜದಿಂದ ಜಡಿಯುತ್ತಿದ್ದರು. 1830ರ ದಶಕದಲ್ಲಿ ಫ್ರಾನ್ಸಿನ ಲೆಫೊಷೋ ಎಂಬಾತ ಹಿಂದಿನಿಂದ ತೋಟಾ ತುಂಬುವ ಕೋವಿಯನ್ನು ಬಳಕೆಗೆ ತಂದ. 1861ರಲ್ಲಿ ಲಂಡನ್ನಿನ ಜಾರ್ಜ್ ಡಾ ನಡುವೆ ಕೇಪಿರುವ ತೋಟಾವನ್ನು ಮಾರತೊಡಗಿದ. ಖಾಲಿ ತೋಟಾವನ್ನು ಮತ್ತೆ ತುಂಬಬಹುದಾದ್ದರಿಂದ ಬೇಟೆಗಾರರ ಮನೆಮನೆಯಲ್ಲೂ ಈ ಕೆಲಸ ಶುರುವಾಯಿತು. ತಕ್ಕಡಿ ಬೇಕಿರಲಿಲ್ಲ, ಗುರುತು ಹಾಕಿದ ಒಂದು ಅಳತೆ ಚಮಚ ಸಾಕಿತ್ತು.

ಆ ಚಮಚದ ಲೆಕ್ಕ ‘ಡ್ರಾಮ್’ನಲ್ಲಿ. ಇಲ್ಲೊಂದು ತಮಾಷೆ ಇದೆ. ಹಳೆಯ ಕಾಲದ ಔಷಧಿ ಅಂಗಡಿಯ ಡ್ರಾಮ್ ಎಂದರೆ 60 ಗ್ರೇನ್. ಕೋವಿಯವರ ಡ್ರಾಮ್ 27 ಗ್ರೇನಿಗಿಂತ ತುಸು ಹೆಚ್ಚು, ಅಷ್ಟೆ. ಹೆಸರೊಂದೇ, ತೂಕ ಎರಡು ಪಟ್ಟಿಗಿಂತ ಬೇರೆ! ಆದರೂ ಕಪ್ಪು ಮದ್ದು ತಪ್ಪನ್ನು ಸಾಕಷ್ಟು ತಾಳಿಕೊಳ್ಳುತ್ತಿತ್ತು. ಅದು ಜಾಗ ಹಿಡಿಯುವ ಪುಡಿಯಾದ್ದರಿಂದ ತೋಟಾದಲ್ಲಿ ಹೆಚ್ಚು ಹಿಡಿಸುವುದಿಲ್ಲ. ಅದು ಉರಿಯುವ ವೇಗವೂ ಒತ್ತಡಕ್ಕೆ ತಕ್ಕಂತೆ ವಿಪರೀತ ಏರುವುದಿಲ್ಲ. ಅದರ ದೋಷಗಳೆಂದರೆ ಕಣ್ಣು ಮರೆಮಾಡುವ ಹೊಗೆ, ನಳಿಗೆಗೆ ಮೆತ್ತುವ ಕಿಟ್ಟ ಮತ್ತು ತುಕ್ಕು.

ಹೊಗೆಯಿಲ್ಲದ ಮದ್ದಿನ ದಾರಿ ತೆರೆದದ್ದು 1846ರಲ್ಲಿ, ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ಮಾಡಿದ ಸಿಡಿಹತ್ತಿಯಿಂದ. ಅದರ ಅವಸರ ವಿಪರೀತ. ಮರುವರ್ಷವೇ ಇಂಗ್ಲೆಂಡಿನ ಫ್ಯಾವರ್‌ಶಮ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಸ್ಫೋಟಗೊಂಡು ಕೆಲಸಗಾರರು ಸತ್ತರು. 1860ರ ದಶಕದಲ್ಲಿ ಪ್ರಷ್ಯದ ಕ್ಯಾಪ್ಟನ್ ಶುಲ್ಟ್ಸ ಹತ್ತಿಯ ಬದಲು ಮರದ ತುಣುಕುಗಳನ್ನು ಬಳಸಿ ಅದನ್ನು ಸ್ವಲ್ಪ ಪಳಗಿಸಿದ. ಸೈನ್ಯದ ರೈಫಲ್ಲಿಗೆ ಒಗ್ಗದ ಈ ಪುಡಿ ಚರೆ ಕೋವಿಗೆ ಒಗ್ಗಿತು. 1882ರಲ್ಲಿ ‘ಇ.ಸಿ.’ ಎಂಬ ಇನ್ನೊಂದು ಪುಡಿ ಬಂತು. ಇವನ್ನು ಮಾಡಿದವರು ಜಾಣರು. ತೂಕದಲ್ಲಿ ಕಪ್ಪು ಮದ್ದಿನ ಸುಮಾರು ಅರ್ಧವಾದರೂ ಗಾತ್ರದಲ್ಲಿ ಅಷ್ಟೇ ಇರುವಂತೆ ನೋಡಿಕೊಂಡರು. ಹೀಗಾಗಿ ಹಳೆಯ ಚಮಚವೇ ಸಾಕಾಯಿತು.

ಅಪಾಯ ಹುಟ್ಟಿಕೊಂಡದ್ದೂ ಇಲ್ಲಿಯೇ. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಸಿಡಿಹತ್ತಿಗೆ ನೈಟ್ರೋಗ್ಲಿಸರಿನ್ ಸೇರಿಸಿ ‘ಬ್ಯಾಲಿಸ್ಟೈಟ್’ ಮಾಡಿದ. ಇದು ಸಾಂದ್ರ ಪುಡಿ. ಕಪ್ಪು ಮದ್ದಿನ ಮೂರನೇ ಒಂದರಷ್ಟು ತೂಕವೇ ಅದೇ ಕೆಲಸ ಮಾಡುತ್ತದೆ, ಅದು ಹಿಡಿಯುವ ಜಾಗವೂ ಕಡಿಮೆ. ಮೇಲಾಗಿ ಇಂಥ ಪುಡಿಗಳು ಒತ್ತಡ ಏರಿದಷ್ಟೂ ಬೇಗ ಉರಿಯುತ್ತವೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ರೂಢಿಯಂತೆ ಹಳೆಯ ಚಮಚದ ತುಂಬ ಇದನ್ನು ಹಾಕಿದರೆ ನಳಿಗೆ ಸೀಳುತ್ತದೆ. ಮೊದಲು ಹೋಗುವುದು ನಳಿಗೆಯನ್ನು ಹಿಡಿದ ಎಡಗೈ, ಆಮೇಲೆ ಕಣ್ಣು.

ಚರೆ ಕೋವಿಗೆ ಎಂಥ ಮದ್ದು ಎಂಬ ಪ್ರಶ್ನೆಯ ತಿರುಳು ಇದೇ. ಅದರ ನಳಿಗೆ ಅಗಲ, ಗೋಡೆ ತೆಳು. ಪುಡಿ ಬೇಗ ಉರಿಯಬೇಕು, ಆದರೆ ಒತ್ತಡ ಮಿತಿ ಮೀರಬಾರದು. ಕೇಪು, ತೋಟಾದ ಜಾತಿ, ಒಳಗಿನ ಬಿರಡೆ, ಚರೆಯ ತೂಕ ಇವುಗಳಲ್ಲಿ ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಅದಕ್ಕೇ ತಯಾರಕರು ಒಂದೊಂದು ಜೋಡಣೆಯನ್ನೂ ಪರೀಕ್ಷಿಸಿ ಕೋಷ್ಟಕ ಅಚ್ಚು ಹಾಕಿಸುತ್ತಾರೆ. 1932ರಲ್ಲಿ ಹರ್ಕ್ಯುಲಿಸ್ ಕಂಪನಿ ತಂದ ‘ರೆಡ್ ಡಾಟ್’ ಪುಡಿಯಲ್ಲಿ ಕೆಂಪು ಬಣ್ಣದ ಚೂರುಗಳು ಬೆರೆತಿರುತ್ತಿದ್ದವು, ನೋಡಿದೊಡನೆ ಗುರುತು ಸಿಗುತ್ತಿತ್ತು. ಆದರೆ ಹಳೆಯ ಡ್ರಾಮ್ ಪೂರ್ತಿ ಸಾಯಲಿಲ್ಲ. ಇಲ್ಲಿನ ಕೆಲವು ತೋಟಾ ಪೆಟ್ಟಿಗೆಗಳ ಮೇಲೆ ‘ಡ್ರಾಮ್ ಈಕ್ವಿವಲೆಂಟ್’ ಎಂಬ ಅಂಕಿ ಇನ್ನೂ ಇದೆ. ಇಷ್ಟು ಡ್ರಾಮ್ ಕಪ್ಪು ಮದ್ದು ಚರೆಗೆ ಕೊಡುತ್ತಿದ್ದ ವೇಗ ಎಂದಷ್ಟೇ ಅದರ ಅರ್ಥ. ಒಳಗಿರುವ ಪುಡಿಯ ಅಳತೆ ಅದಲ್ಲ.

ವೈದ್ಯರಿಗೆ ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೈಟ್ರೋಗ್ಲಿಸರಿನ್ ಕಂಡುಹಿಡಿದ ಇಟಲಿಯ ಸೊಬ್ರೇರೋ ಅದರ ರುಚಿ ನೋಡಿ ತೀವ್ರ ತಲೆನೋವು ಅನುಭವಿಸಿದ. 1879ರಲ್ಲಿ ಲಂಡನ್ನಿನ ಡಾ. ವಿಲಿಯಂ ಮರೆಲ್ ಅದನ್ನೇ ಬಹಳ ಸಣ್ಣ ಪ್ರಮಾಣದಲ್ಲಿ ಎದೆನೋವಿಗೆ ಕೊಟ್ಟು ಗುಣ ಕಂಡ. ಕೊನೆಗಾಲದಲ್ಲಿ ಹೃದ್ರೋಗಿಯಾದ ನೊಬೆಲ್‌ಗೂ ಅದನ್ನೇ ಬರೆದುಕೊಟ್ಟರು. ಈ ವಿಧಿಯ ವ್ಯಂಗ್ಯವನ್ನು ಆತ 1896ರಲ್ಲಿ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಅದೇ ಪದಾರ್ಥ, ಬೇರೆ ಅಳತೆ.

ಇನ್ನು ನಮ್ಮ ಕಡೆಗೆ ಬರೋಣ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದ ದಿನ ಆಯುಧಗಳಿಗೆ ಹೂ ಮುಡಿಸಿ ಪೂಜಿಸುವ ಮನೆಗಳಲ್ಲಿ ಹಳೆಯ ಕೋವಿಗಳೂ ಇರುತ್ತವೆ. ಅವುಗಳಲ್ಲಿ ಕೆಲವು ಕಪ್ಪು ಮದ್ದಿಗೆಂದೇ ಮಾಡಿದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ, ಮೇಲೆ ಸುಂದರ ಬಳ್ಳಿಯಂಥ ಗೆರೆಗಳಿರುವ ಡಮಾಸ್ಕಸ್ ನಳಿಗೆಗಳು ಆ ಕಾಲದವು. ನೂರು ವರ್ಷದ ತುಕ್ಕು ಒಳಗೆ ಎಷ್ಟು ತಿಂದಿದೆಯೋ ಹೊರಗಿನಿಂದ ಕಾಣದು.

ಊರಿಗೆ ಹೋದಾಗ ಅಂಥ ಕೋವಿ ಸಿಕ್ಕರೆ ಅದಕ್ಕೆ ಇಂದಿನ ತೋಟಾ ಹಾಕುವ ಗೋಜಿಗೆ ಹೋಗಬೇಡಿ. ಬಲ್ಲವರು ಕೋವಿ ಖಾಲಿಯಿದೆ ಎಂದು ಖಚಿತಪಡಿಸಿದ ಮೇಲೆ ನಳಿಗೆಯ ಅಡಿಭಾಗದ ಮುದ್ರೆಗಳನ್ನು ಓದಿಸಿ. ಇಂಗ್ಲಿಷ್ ಕೋವಿಯಾದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದರ ಮೇಲೆ ‘ನೈಟ್ರೋ ಪ್ರೂಫ್’ ಎಂಬ ಗುರುತಿರುತ್ತದೆ. ಗುರುತಿದ್ದರೂ ಅದು ಅಂದಿನ ನಳಿಗೆಗೆ ಕೊಟ್ಟ ಸರ್ಟಿಫಿಕೇಟು. ಇಂದಿನ ಸ್ಥಿತಿಯನ್ನು ಕೋವಿ ರಿಪೇರಿಯವರೇ ಅಳೆದು ನೋಡಿ ಹೇಳಬೇಕು. ಅಲ್ಲಿಯವರೆಗೆ ಅದು ಪೂಜೆಯ ಜಾಗದಲ್ಲೇ ಇರಲಿ.