ಕಣ್ಣು ಪರೀಕ್ಷಿಸುವವರ ಕಲಿಕೆ

ಸಿಂಧನೂರಿನಿಂದ ತುಂಗಭದ್ರೆಯ ದಂಡೆಯ ಮುಕ್ಕುಂದದ ಕಡೆಗೆ ಹೊರಟರೆ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಭತ್ತದ ಗದ್ದೆ. ಈ ಸೀಮೆಯ ಮಾತಿನಲ್ಲಿ ನೆಲ್ಲು. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ನೆಲ ನೆಲ್ಲಿಗೆ ತಿರುಗಿತು. ನೆಲ್ಲು ಬೆಳೆಯುವ ಕಡೆಯೆಲ್ಲ ಕಾಣುವ ಕಣ್ಣಿನ ತೊಂದರೆಯೊಂದಿದೆ. ಕೊಯ್ಲಿನಲ್ಲೋ ಒಕ್ಕಣೆಯಲ್ಲೋ ಗರಿ ಅಥವಾ ಕಾಳು ತಗುಲಿ ಕರಿಗುಡ್ಡೆಯ ಮೇಲೆ ಗೀರು ಬೀಳುತ್ತದೆ. ಗೀರಿನೊಳಕ್ಕೆ ಬೂಷ್ಟು ಸೇರಿ ಹುಣ್ಣಾಗುತ್ತದೆ. ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದಂತೆ ತೋರುತ್ತದೆ, ಹುಣ್ಣು ಮಾತ್ರ ಒಳಗೇ ಬಲಿಯುತ್ತದೆ. ಇದನ್ನು ಮೊದಲ ದಿನವೇ ಗುರುತಿಸಿ ನೇತ್ರತಜ್ಞರ ಬಳಿಗೆ ಅಟ್ಟಬೇಕಾದವರು ಯಾರು?

ಆಪ್ಟೋಮೆಟ್ರಿಸ್ಟರು, ಸರ್ಕಾರಿ ಆಸ್ಪತ್ರೆಯಲ್ಲಾದರೆ ನೇತ್ರಾಧಿಕಾರಿಗಳು. ಇಬ್ಬರ ವ್ಯಾಸಂಗ ಒಂದೇ ಅಲ್ಲ. ಆದರೂ ಹಳ್ಳಿಯವರ ಪಾಲಿಗೆ ಇಬ್ಬರೂ ಚಾಳೀಸಿನ ನಂಬರು ಹೇಳುವವರೇ. ಚಾಳೀಸು ಎಂದರೆ ಹಿಂದೂಸ್ತಾನಿಯಲ್ಲಿ ನಲವತ್ತು. ಆ ವಯಸ್ಸಿಗೆ ಬರುವ ಕನ್ನಡಕಕ್ಕೆ ವಯಸ್ಸಿನ ಹೆಸರೇ ಅಂಟಿಕೊಂಡಿತು!

ಈ ವಿದ್ಯೆಯ ಶಾಲೆಗಳು ನಮ್ಮ ದೇಶದಲ್ಲಿ ತಡವಾಗಿ ಬಂದವು. 1958ರಲ್ಲಿ ಆಲಿಗಢದ ಗಾಂಧಿ ಕಣ್ಣಾಸ್ಪತ್ರೆಯಲ್ಲೂ ಹೈದರಾಬಾದಿನ ಸರೋಜಿನಿ ದೇವಿ ಕಣ್ಣಾಸ್ಪತ್ರೆಯಲ್ಲೂ ಡಿಪ್ಲೊಮಾ ಶಿಕ್ಷಣ ಆರಂಭವಾಯಿತು. ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನದ ನಂಟು ಕಳಚಿಕೊಂಡು ಆಗಿನ್ನೂ ಎರಡು ವರ್ಷ. ನಾಲ್ಕು ವರ್ಷದ ಪದವಿಗಾಗಿ 1985ರವರೆಗೆ, ಮದರಾಸಿನ ಎಲೀಟ್ ಶಾಲೆಯವರೆಗೆ ಕಾಯಬೇಕಾಯಿತು. ನಡುವೆ 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದು, ಎರಡು ವರ್ಷ ತರಬೇತಿ ಪಡೆದ ನೇತ್ರ ಸಹಾಯಕರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳುಹಿಸತೊಡಗಿತು.

ಆಗ ಕಲಿತವರ ಕೈಗೆ ಬಂದ ಕೆಲಸ ಯಾವುದು? ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲವನ್ನು ನೆನಪಿಸಿಕೊಳ್ಳಿ. ಪೊರೆಯ ಜೊತೆಗೆ ಕಣ್ಣಿನ ಮಸೂರವೇ ಹೊರಬರುತ್ತಿತ್ತು. ಬದಲಿಗೆ ಹತ್ತು ಡಯಾಪ್ಟರಿನ ಆಸುಪಾಸಿನ ದಪ್ಪ ಗಾಜು. ಅದನ್ನು ಹಾಕಿಕೊಂಡ ಅಜ್ಜನಿಗೆ ಹೊಸ್ತಿಲು ಹತ್ತಿರ ಬಂದಂತೆ ಕಂಡು ಎಡವುತ್ತಿದ್ದ. ಆ ಗಾಜನ್ನು ಸರಿಯಾಗಿ ಬರೆದುಕೊಡುವುದೇ ದೊಡ್ಡ ವಿದ್ಯೆ. 1992ರಲ್ಲಿ ಮಧುರೆಯ ಆರೋಲ್ಯಾಬ್ ಕಣ್ಣೊಳಗೆ ಕೂರಿಸುವ ಕೃತಕ ಮಸೂರವನ್ನು ಅಗ್ಗವಾಗಿ ಮಾಡತೊಡಗಿದ ಮೇಲೆ ದಪ್ಪ ಗಾಜು ಮೂಲೆಗೆ ಸರಿಯಿತು. ಕಲಿತ ವಿದ್ಯೆಯ ಬಹುಪಾಲು ಅದರ ಜೊತೆಗೇ ಹೋಯಿತು.

ಅದರ ಜಾಗಕ್ಕೆ ಸಕ್ಕರೆ ಕಾಯಿಲೆ ಬಂದು ಕುಳಿತಿದೆ. ರಕ್ತದಲ್ಲಿ ಸಕ್ಕರೆ ಏರಿದ ದಿನ ಕನ್ನಡಕದ ನಂಬರೇ ಬೇರೆ ಬರಬಹುದು. ಅಂದೇ ಬರೆದುಕೊಟ್ಟರೆ ರೋಗಿಯ ಹಣ ದಂಡ. ಇನ್ನೂ ಕೆಟ್ಟದ್ದೆಂದರೆ, ಗೋಡೆಯ ಫಲಕದ ಕೊನೆಯ ಸಾಲನ್ನೂ ಸಲೀಸಾಗಿ ಓದುವವರ ಅಕ್ಷಿಪಟಲ ಒಳಗೆ ಹಾಳಾಗುತ್ತಿರಬಹುದು. 1978ರ ಪಾಠವನ್ನಷ್ಟೇ ನೆಚ್ಚಿದವರು ಅವರಿಗೆ ‘ಕಣ್ಣು ಚೆನ್ನಾಗಿದೆ’ ಎಂದು ಹೇಳಿ ಕಳುಹಿಸುತ್ತಾರೆ. ತಪ್ಪು ಅವರೊಬ್ಬರದೇ ಎನ್ನಲು ನನಗೆ ಮನಸ್ಸು ಬಾರದು.

ಏಕೆಂದರೆ ಮರಳಿ ಕಲಿಯಬೇಕೆಂದು ಅವರಿಗೆ ಕಟ್ಟು ಹಾಕಿದವರು ಯಾರು? ಬ್ರಿಟನ್ ಆಪ್ಟಿಷಿಯನ್ನರ ಕಾಯಿದೆಯನ್ನು ಮಾಡಿದ್ದು ಅದೇ 1958ರಲ್ಲಿ. ಅಲ್ಲಿಯೂ ನಿರಂತರ ಶಿಕ್ಷಣ ಕಡ್ಡಾಯವಾದದ್ದು 2005ರಲ್ಲಿ. ಅಲ್ಲಿಂದೀಚೆಗೆ ಮೂರು ವರ್ಷಕ್ಕೊಮ್ಮೆ ಕಲಿಕೆಯ ಲೆಕ್ಕ ಒಪ್ಪಿಸದಿದ್ದರೆ ಹೆಸರು ಪಟ್ಟಿಯಲ್ಲಿ ಉಳಿಯದು. ನಮ್ಮಲ್ಲಿ ಪುನಶ್ಚೇತನ ತರಬೇತಿಗಳು ನಡೆದಿಲ್ಲವೆಂದಲ್ಲ. ಆದರೆ ಹೆಸರು ತೆಗೆಯಲು ಪಟ್ಟಿಯಾದರೂ ಬೇಕಲ್ಲ! ಆಪ್ಟೋಮೆಟ್ರಿಸ್ಟರನ್ನೂ ಒಳಗೊಂಡು ಕೇಂದ್ರ ಹಾಗೂ ರಾಜ್ಯ ಪಟ್ಟಿಗಳಿಗೆ ದಾರಿ ಮಾಡಿದ ಕಾಯಿದೆ ಬಂದದ್ದು 2021ರಲ್ಲಿ.

ಪಟ್ಟಿಯಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಊರಿಗೊಬ್ಬರೇ ಕಣ್ಣು ನೋಡುವವರಿದ್ದರೆ, ಅವರು ಎರಡು ದಿನ ತರಬೇತಿಗೆಂದು ರಾಯಚೂರಿಗೋ ಬೆಂಗಳೂರಿಗೋ ಹೋದಾಗ ಅವರ ಕುರ್ಚಿ ಖಾಲಿ. ಅದು ಕೊಯ್ಲಿನ ವಾರವಾಗಿದ್ದರೆ, ಕಣ್ಣಿಗೆ ಕಾಳು ತಗುಲಿಸಿಕೊಂಡು ಸೆರಗು ಒತ್ತಿಕೊಂಡು ಬಂದ ಹೆಣ್ಣುಮಗಳು ಮುಚ್ಚಿದ ಬಾಗಿಲು ನೋಡಿ ಹನಿ ಕೇಳಲು ಅಂಗಡಿಯ ಕಡೆ ತಿರುಗುತ್ತಾಳೆ. ತರಬೇತಿಯ ದಿನಗಳನ್ನು ಗೊತ್ತುಮಾಡುವವರು ಕಾಲುವೆಗೆ ನೀರು ಬಿಡುವ ತಿಂಗಳನ್ನೂ ನೆಲ್ಲು ಕೊಯ್ಯುವ ತಿಂಗಳನ್ನೂ ಒಮ್ಮೆ ವಿಚಾರಿಸಿಕೊಳ್ಳಲಿ.